ದೊಡ್ಡಪ್ಪನ ಕ್ಯಾಮೆರಾ, ಅಪ್ಪನ ಕೊಡೆ

ನಮ್ಮ ಮನೆಯ ಕೊಡೆ ಮಳೆಗಾಲದಲ್ಲಿ ಮೊಳೆಗೆ ನೇತುಬಿದ್ದು ಆರಾಮಾಗಿರುತ್ತಿತ್ತು. ಬೇಸಿಗೆ ಬಂತೆಂದರೆ ಕೆಲಸಕ್ಕೆ ಹೊರಡುತ್ತಿತ್ತು. ಹೊನ್ನಾಳಿಯ ನಮ್ಮ ಬೀದಿಗೆಲ್ಲ ಇದೊಂದು ನಗೆಚಾಟಿಕೆ. ಎಂಥ ಜಡಿಮಳೆ ಹಿಡಿದರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ನೆನೆದರೆ ಬಟ್ಟೆ ಬಣ್ಣ ಬಿಡುತ್ತದೆ, ಬಣ್ಣ ಬಿಟ್ಟರೆ ಬೆಳಕು ತೂರುತ್ತದೆ, ಬೆಳಕು ತೂರಿದರೆ ಅದು ಕೊಡೆಯಲ್ಲ, ಜರಡಿ ಎಂದು ಅಪ್ಪನ ವಾದ. ಹಾಗಾಗಿ ನಾನು, ಅವ್ವ, ದೊಡ್ಡವ್ವ ಮೂವರೂ ಗೋಣಿಚೀಲದ ಕೊಪ್ಪೆ ಹಾಕಿಕೊಂಡೇ ಮಳೆಗಾಲ ಕಳೆದವರು. ನಾನು ಹಾಗೆ ಸ್ಕೂಲಿಗೆ ಹೋಗುವುದನ್ನು ನೋಡಿದಾಗಲೆಲ್ಲ ಎದುರಿನ ಕಿರಾಣಿ ಅಂಗಡಿಯ ಸಾಬರು, "ಏನವ್ವಾ ಗಿರಿಜಾ, ನಿಮ್ಮ ಕೊಡೆಗೆ ನೆಗಡಿ ಆಗ್ತದಂತಾ?" ಎಂದು ಕೇಳಿ ಗಲ್ಲಾದ ಹಿಂದೆ ಕೂತೇ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಕೊಡೆ ಇದ್ದದ್ದು ನಮ್ಮ ತಲೆಗಳಿಗಲ್ಲ, ದೊಡ್ಡಪ್ಪನ ಕ್ಯಾಮೆರಾಕ್ಕೆ.

ದೊಡ್ಡಪ್ಪ, ಅಂದರೆ ಅಪ್ಪನ ಒಡಹುಟ್ಟಿದ ಅಣ್ಣ, ಊರಿನ ಫೋಟೊಗ್ರಾಫರು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಅಲ್ಲಿ ಒಂದು ಕುರ್ಚಿ, ಒಂದು ಕನ್ನಡಿ, ಬಾಚಣಿಕೆ, ಎಲ್ಲರೂ ಹಚ್ಚಿಕೊಳ್ಳುತ್ತಿದ್ದ ಒಂದೇ ಪೌಡರ್ ಡಬ್ಬಿ. ಹಿಂದೆ ಕಾಳು ಇಡುತ್ತಿದ್ದ ಕೋಣೆ ಕತ್ತಲೆಕೋಣೆಯಾಗಿತ್ತು. ದೊಡ್ಡಪ್ಪ ಅದರೊಳಗೆ ಫಿಲ್ಮು ತೊಳೆಯುವಾಗ ಪಕ್ಕದ ಅಡಿಗೆಮನೆಯಲ್ಲಿ ಬುಡ್ಡಿ ದೀಪ ಕೂಡ ಹಚ್ಚುವಂತಿರಲಿಲ್ಲ, ಗೋಡೆಯ ಬಿರುಕಿನಲ್ಲಿ ಬೆಳಕು ನುಗ್ಗುತ್ತದೆಂದು. ದೊಡ್ಡವ್ವ ಕತ್ತಲಲ್ಲೇ ರೊಟ್ಟಿ ಬಡಿಯುತ್ತಿದ್ದಳು, ಅವ್ವ ಒಲೆಯ ಬಾಯಿಗೆ ತಗಡು ಮರೆ ಮಾಡಿ ಕತ್ತಲಲ್ಲೇ ಬೇಯಿಸುತ್ತಿದ್ದಳು, ನಾವು ಶೇಂಗಾ ಚಟ್ನಿ ಯಾವ ಕಡೆ ಇದೆಯೆಂದು ತಡಕಾಡಿ ಉಣ್ಣುತ್ತಿದ್ದೆವು. ದೊಡ್ಡಪ್ಪ ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಇದ್ದ ಒಬ್ಬಳು ನಾನೇ. ಅವ್ವ ಹೆತ್ತಳು, ದೊಡ್ಡವ್ವ ಸಾಕಿದಳು ಅಂದರೆ ಅವ್ವನಿಗೂ ಬೇಸರವಿರಲಿಲ್ಲ. ಜಡೆ ಹಾಕುವುದು, ತುತ್ತು ಮಾಡಿ ಕೊಡುವುದು, ಬೆನ್ನಿಗೆ ಎರಡು ಬಾರಿಸುವುದು, ಎಲ್ಲ ದೊಡ್ಡವ್ವನ ಖಾತೆ.

ಮದುವೆ ಫೋಟೊ ಅಂದರೆ ಆಗ ಬಯಲಲ್ಲೇ ತೆಗೆಯುತ್ತಿದ್ದುದು. ನಮ್ಮ ಕಡೆ ಹಿರಿಯರು ಹೆಣ್ಣುಗಂಡನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸದೆ ಫೋಟೊಕ್ಕೆ ಬಿಡುತ್ತಿರಲಿಲ್ಲ. ಬೆಳಿಗ್ಗೆಯೆಲ್ಲ ಶಾಸ್ತ್ರ, ಆಮೇಲೆ ಊಟ, ಎಲ್ಲ ಮುಗಿದು ಫೋಟೊಕ್ಕೆ ಬರುವಷ್ಟರಲ್ಲಿ ಹೊತ್ತು ಪಶ್ಚಿಮಕ್ಕೆ ವಾಲಿರುತ್ತಿತ್ತು. ಕೂತವರ ಬೆನ್ನಿಗೆ ಸೂರ್ಯ, ಕ್ಯಾಮೆರಾದ ಮುಖಕ್ಕೆ ಬಿಸಿಲು. ಬಿಸಿಲು ನೇರವಾಗಿ ಗಾಜಿಗೆ ಬಡಿದರೆ ಫೋಟೊ ಬೆಳ್ಳಗೆ ಮಬ್ಬಾಗಿ, ಮೇಲೆ ಯಾರೋ ಒಂದು ಚೊಂಬು ಮಜ್ಜಿಗೆ ಚೆಲ್ಲಿದಂತೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಮಜ್ಜಿಗೆ. "ಈ ಸಲದ ರೋಲಿನಾಗೆ ಒಂದೂ ಮಜ್ಜಿಗೆ ಆಗಿಲ್ಲ" ಎಂದು ದೊಡ್ಡಪ್ಪ ಕತ್ತಲೆಕೋಣೆಯಿಂದ ಹೊರಗೆ ಬಂದರೆ ಅವತ್ತು ಮನೆಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಬರುತ್ತಿತ್ತು.

ಮಜ್ಜಿಗೆ ಆಗದಂತೆ ನೋಡಿಕೊಳ್ಳುವುದು ಅಪ್ಪನ ಕೆಲಸ. ದೊಡ್ಡಪ್ಪನ ಕ್ಯಾಮೆರಾಕ್ಕೆ ಎರಡು ಕಣ್ಣು, ಒಂದರ ಕೆಳಗೊಂದು. ಮೇಲಿನದು ನೋಡುವ ಕಣ್ಣು, ಕೆಳಗಿನದು ತೆಗೆಯುವ ಕಣ್ಣು. ದೊಡ್ಡಪ್ಪ ಮೇಲಿನಿಂದ ತಲೆ ಬಗ್ಗಿಸಿ ನೋಡುವಾಗ ಅವನಿಗೆ ಕಾಣುವುದು ಮೇಲಿನ ಕಣ್ಣಿನ ನೋಟ ಮಾತ್ರ. ಕೆಳಗಿನ ಕಣ್ಣಿನ ಮೇಲೆ ಬಿಸಿಲು ಬಿದ್ದಿದೆಯೋ, ಅದಕ್ಕೆ ಏನಾದರೂ ಅಡ್ಡ ಬಂದಿದೆಯೋ ಅವನಿಗೆ ತಿಳಿಯುವುದು ಫಿಲ್ಮು ತೊಳೆದ ಮೇಲೇ. ಹಾಗಾಗಿ ಅಪ್ಪ ಪಕ್ಕದಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದ. ಮದುವೆ ಹೆಣ್ಣಿನ ಕಡೆ, ಬೀಗರ ಕಡೆ ನೋಡುವ ಮಾತೇ ಇಲ್ಲ. ಅವನ ಕಣ್ಣು ಆ ಕೆಳಗಿನ ಗಾಜಿನ ಮೇಲೆ. ಅದರೊಳಗೆ ಬಿಸಿಲಿನ ಒಂದು ಕಿಡಿ ಹೊಳೆಯುತ್ತಿದ್ದರೆ ಕೊಡೆಯನ್ನು ಒಂಚೂರು ವಾಲಿಸುವನು. ಕಿಡಿ ಆರಿತೋ, ಅಲ್ಲೇ ನಿಲ್ಲಿಸುವನು. ಅದಕ್ಕಿಂತ ಒಂದು ಗೇಣು ಮುಂದೆ ಹೋದರೆ ಕೊಡೆಯ ಅಂಚೇ ಫೋಟೊದಲ್ಲಿ ಬಂದು ಕೂರುತ್ತದೆ. ಈಗಲೂ ಯಾರಾದರೂ ಬಿಸಿಲಲ್ಲಿ ಮೊಬೈಲು ಹಿಡಿದು ಫೋಟೊ ತೆಗೆಯುತ್ತಿದ್ದರೆ ನನ್ನ ಕೈ ತಾನಾಗಿ ಅದರ ಪಕ್ಕಕ್ಕೆ ಹೋಗುತ್ತದೆ. "ಅಜ್ಜಿ, ಕೈ ಅಡ್ಡ ಬಂತು" ಎಂದು ಮೊಮ್ಮಗಳು ರೇಗುತ್ತಾಳೆ. ಅಡ್ಡ ಬಾರದ ಹಾಗೆ ಹಿಡಿಯುವುದೇ ವಿದ್ಯೆ, ಅದು ನನಗೆ ಬಂದಿಲ್ಲ. ಅಪ್ಪನಿಗೆ ಬರುತ್ತಿತ್ತು. ಅಣ್ಣತಮ್ಮಂದಿರ ನಡುವೆ ಕೆಲಸದ ವೇಳೆ ಒಂದೊಂದೇ ಮಾತು.

"ಹಾಲ."

"ಹ್ಞೂಂ."

ಅಷ್ಟೇ. ಅಪ್ಪನ ಹೆಸರು ಹಾಲೇಶಪ್ಪ. ದೊಡ್ಡಪ್ಪ ಹೆಸರು ಹಿಡಿದು ಕೇಳುವುದು, ಅಪ್ಪ ಹ್ಞೂಂ ಎನ್ನುವುದು, ಕ್ಯಾಮೆರಾ ಟಕ್ ಎನ್ನುವುದು. ರಜೆಯಲ್ಲಿ ಅವರ ಜೊತೆ ಮದುವೆಯೂಟಕ್ಕೆ ಹೋಗುತ್ತಿದ್ದ ನಾನು ಈ ಮೂರು ಸದ್ದನ್ನು ಎಷ್ಟು ಕೇಳಿದ್ದೇನೆಂದರೆ, ಅದು ಹಾಗೇ ಸಾಯುವತನಕ ನಡೆಯುತ್ತದೆ ಎಂದುಕೊಂಡಿದ್ದೆ.

ಸಾಸ್ವೆಹಳ್ಳಿಯ ಒಂದು ಮದುವೆಯಲ್ಲಿ ಅದು ನಿಂತಿತು. ಎರಡೂ ಕಡೆಯ ಬೀಗರು, ಹಣ್ಣು ಹಣ್ಣು ಮುದುಕರು, ಕೈಗೂಸುಗಳು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೆಗೆಯಬೇಕಾದ ಗುಂಪಿನ ಫೋಟೊ. ರೋಲಿನ ಕೊನೆಯ ಫಿಲ್ಮು. ದೊಡ್ಡಪ್ಪ ತಲೆ ಬಗ್ಗಿಸಿ ಕರೆದ, ಅಪ್ಪ ಹ್ಞೂಂ ಎಂದ. ಅಷ್ಟರಲ್ಲಿ ಮದುವೆ ಹೆಣ್ಣು ವಾಲತೊಡಗಿದಳು. ಬೆಳಗಿನಿಂದ ಹೊಟ್ಟೆಗಿಲ್ಲದ ಹುಡುಗಿ, ನೆತ್ತಿ ಬೆನ್ನು ಎಲ್ಲ ಕಾದಿತ್ತು. ಅಪ್ಪ ಅವತ್ತು ಯಾಕೆ ಗಾಜು ಬಿಟ್ಟು ಆ ಕಡೆ ನೋಡಿದನೋ, ನೋಡಿದ. ಕೊಡೆ ಸಮೇತ ಒಂದು ಹೆಜ್ಜೆ ಅವಳತ್ತ ಹಾಕಿದ. ಕ್ಯಾಮೆರಾ ಟಕ್ ಎಂದಿತು. ಹುಡುಗಿಗೆ ನೀರು ಕುಡಿಸಿ ನೆರಳಿಗೆ ಕರೆದುಕೊಂಡು ಹೋದರು, ಅವಳು ನೆಟ್ಟಗಾದಳು. ಫೋಟೊ ಮಾತ್ರ ಪೂರಾ ಮಜ್ಜಿಗೆ. ಯಾರ ಮುಖವೂ ಇಲ್ಲ. ಗಂಡಿನ ಅಪ್ಪ ನಮ್ಮ ಸ್ಟುಡಿಯೊಕ್ಕೆ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಅದನ್ನು ಮೇಜಿನ ಮೇಲೆ ಬಿಸಾಡಿ, "ಇದರಾಗೆ ನಮ್ಮವ್ವ ಎಲ್ಲಿದಾಳೆ, ತೋರಿಸ್ರಿ" ಎಂದ. ಬೀದಿಯ ಜನ ಬಾಗಿಲಲ್ಲಿ ಸೇರಿದರು. ನಾನು ಒಳಗಿನ ಪರದೆ ಹಿಡಿದು ನಿಂತಿದ್ದೆ. ದೊಡ್ಡಪ್ಪನ ಮುಖ ಕೆಂಪಾಯಿತು. ಅವನು ತಿರುಗಿದ್ದು ಅಪ್ಪನ ಕಡೆಗೆ.

"ಕೊಡೆ ಹಿಡಿಯಾಕೂ ಲಾಯಕ್ಕಿಲ್ಲದೋನ್ನ ಕಟ್ಕಂಡು ನಾನು ಹಾಳಾದೆ."

"ಹೆಣ್ಮಗು ಬೀಳ್ತಿತ್ತು ಅಣ್ಣಾ."

"ಬಿದ್ರೆ ಎತ್ತಾಕೆ ಅವರಪ್ಪ ಇದ್ದ. ನಿನ್ನ ಕೆಲಸ ಕೊಡೆ ಹಿಡಿಯೋದು. ಅದೊಂದೂ ಬರಲ್ಲ ನಿಂಗೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದನ್ನೇ ಮನೆಯೊಳಗೆ ಅಂದಿದ್ದರೆ ಅಪ್ಪ ರಾತ್ರಿ ಊಟದ ಹೊತ್ತಿಗೆ ಮರೆಯುತ್ತಿದ್ದ. ಅಂದದ್ದು ಬೀದಿಯ ಜನರ ಮುಂದೆ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಮಾಡಿದವರು ಅಣ್ಣತಮ್ಮಂದಿರ ಜಗಳ ಎಲ್ಲಿಯ ತನಕ ಎಂದು ಹೇಳಲೇ ಇಲ್ಲ. ಅವತ್ತಿನಿಂದ ಅಪ್ಪ ದೊಡ್ಡಪ್ಪ ಮಾತು ಬಿಟ್ಟರು. ಒಂದೇ ಪಡಸಾಲೆಯಲ್ಲಿ ಕೂತು, "ಗಿರಿಜಾ, ನಿಮ್ಮಪ್ಪಂಗೆ ಹೇಳು, ನಾಳೆ ನ್ಯಾಮತಿ ಮದುವಿ ಐತೆ ಅಂತ", "ಗಿರಿಜಾ, ನಿಮ್ಮ ದೊಡ್ಡಪ್ಪಂಗೆ ಹೇಳು, ಗೊತ್ತೈತೆ ಅಂತ". ಇಬ್ಬರ ಕಿವಿಗೂ ಎರಡೂ ಬಿದ್ದಿರುತ್ತಿತ್ತು, ಆದರೂ ನಾನು ಹೇಳಲೇಬೇಕು. ನನಗೋ ರೇಗಿಹೋಗುತ್ತಿತ್ತು. ಮದುವೆಗಳಿಗೆ ಇಬ್ಬರೂ ಹೋಗುತ್ತಿದ್ದರು. 'ಹಾಲ' ಎನ್ನುವ ಬದಲು ದೊಡ್ಡಪ್ಪ ಒಮ್ಮೆ ಕೆಮ್ಮುತ್ತಿದ್ದ, ಅಪ್ಪ ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. ಮನೆಯೊಳಗೆ ಅವ್ವ ತನ್ನ ಒಲೆಯನ್ನು ಹಿತ್ತಲ ಚಪ್ಪರಕ್ಕೆ ಸಾಗಿಸಿದಳು. ನಾನು ಎರಡೂ ಒಲೆಯ ಮುಂದೆ ಕೂತು ಎರಡೆರಡು ಸಲ ಉಂಡೆ, ಒಂದು ಕಡೆ ಬೇಡವೆಂದರೆ ಆ ಕಡೆಯವರು ಸೆರಗಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೊಟ್ಟೆ ತುಂಬಿ ಬಿರಿಯುತ್ತಿತ್ತು, ಆದರೂ ನನಗೆ ಅಳು ಬರುತ್ತಿತ್ತು.

ದಸರೆಗೆ ಮುಂಚೆ ಒಂದು ದಿನ ದೊಡ್ಡಪ್ಪ ಅಪ್ಪನಿಗೆ ಹೇಳಿಕಳಿಸದೆ, ತಾನೇ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ನಲ್ಲೂರಿನ ಮದುವೆಗೆ ಹೋದ. ಒಂದು ಕೈಲಿ ಕೊಡೆ, ಒಂದು ಕೈಲಿ ಕ್ಯಾಮೆರಾ. ಆ ಫೋಟೊಗಳು ದಾರಕ್ಕೆ ನೇತು ಒಣಗುತ್ತಿದ್ದಾಗ ಅಪ್ಪ ಯಾರೂ ಇಲ್ಲದ ಹೊತ್ತು ನೋಡಿ ಅವುಗಳ ಮುಂದೆ ನಿಂತಿದ್ದ. ಅರ್ಧಕ್ಕರ್ಧ ಫೋಟೊಗಳಲ್ಲಿ ಕೊಡೆಯ ಅಂಚು ಕಾಗೆಯ ರೆಕ್ಕೆಯ ಹಾಗೆ ಬಂದಿತ್ತು. ಸಂಜೆ ಅಪ್ಪ ಅವ್ವನಿಗೆ, "ಜಗಳೂರಿಗೆ ನಿಮ್ಮಣ್ಣಂಗೆ ಹೇಳಿ ಕಳಿಸು, ಬರ್ತೀವಿ ಅಂತ" ಎಂದ. ಅಲ್ಲಿ ನನ್ನ ಮಾವ ಫೋಟೊಗಳಿಗೆ ಗಾಜು, ಕಟ್ಟು ಹಾಕುವ ಅಂಗಡಿ ಇಟ್ಟಿದ್ದ. ಕೈ ಸಾಲದೆ ಅಪ್ಪನನ್ನು ಕರೆಯುತ್ತಲೇ ಇದ್ದ.

ಆಯುಧಪೂಜೆಗೆ ನಮ್ಮಲ್ಲಿ ಕ್ಯಾಮೆರಾದ ಜೊತೆ ಕೊಡೆಗೂ ವಿಭೂತಿ, ಚೆಂಡುಹೂ. ಅವತ್ತು ಇಡೀ ದಿನ ಎರಡೂ ಮಣೆಯ ಮೇಲೆ ಅಕ್ಕಪಕ್ಕ ಕೂತಿರುತ್ತಿದ್ದವು, ಮುಟ್ಟುವಂತಿರಲಿಲ್ಲ. ಮಧ್ಯಾಹ್ನ ದೊಡ್ಡಪ್ಪ ಅಡ್ಡಾಗಿದ್ದಾಗ ಅಪ್ಪ ಹೂವಿನ ಮಾಲೆಯಿಂದ ಒಂದು ಎಳೆ ದಾರ ಬಿಚ್ಚಿ, ಕೆಳಗಿನ ಕಣ್ಣಿನ ಸುತ್ತ ಸುತ್ತಿ, ಅಷ್ಟಕ್ಕೇ ಗಂಟು ಹಾಕಿ ಜೇಬಿಗಿಟ್ಟ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಶುರುವಾಯಿತು ಅವನ ಕೆಲಸ. ಸ್ಟುಡಿಯೊದ ಖಾಲಿ ಪೌಡರ್ ಡಬ್ಬಿಯ ತಳ ಕೊಯ್ದು, ದಾರದ ಅಳತೆಗೆ ತಗಡು ಸುತ್ತಿ, ಕೊಳವೆಯ ಹಾಗೆ ಮಾಡಿದ. ಕ್ಯಾಮೆರಾದ ಕಣ್ಣಿಗೆ ತೊಡಿಸಿದರೆ ಪಕ್ಕದ ಬಿಸಿಲು ಗಾಜಿಗೆ ತಾಗಬಾರದು, ಕೊಡೆಯ ಕೆಲಸವನ್ನು ಅದೇ ಮಾಡಬೇಕು. ಒಳಗೆ ತಗಡು ಹೊಳೆದರೂ ಕೆಡುಕೇ. ಅದಕ್ಕೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಮಸಿ ಹಿಡಿದು, ಗೋಂದಿನಲ್ಲಿ ಕಲಸಿ ಒಳಗೆಲ್ಲ ಬಳಿದ. ಅವ್ವನಿಗೆ ಇದೇನೆಂದು ಗೊತ್ತಿರಲಿಲ್ಲ.

"ಯಾರಿಗ್ರೀ ಕಾಡಿಗೆ? ದೃಷ್ಟಿ ತಗಲಿ ಮನೆ ಒಡೆದದ್ದಾತು. ಈಗ ಬೊಟ್ಟಿಟ್ರೆ ಏನು ಬಂತು?"

"ಸುಮ್ಕಿರು" ಎಂದ ಅಪ್ಪ.

ದೀಪಾವಳಿ ಕಳೆದ ಮೇಲೆ ಬೀದಿಯ ಇಬ್ಬರು ಹಿರಿಯರು ಬಂದು ಪಡಸಾಲೆಯಲ್ಲಿ ಕೂತರು. ಪಾಲು ಮಾಡಲು ನಮ್ಮಲ್ಲಿ ಇದ್ದದ್ದಾದರೂ ಏನು? ಪಾತ್ರೆಗಳನ್ನು ಅವ್ವ ದೊಡ್ಡವ್ವ, ನೀನು ತಗೋ ನೀನು ತಗೋ ಎಂದು ಒಬ್ಬರ ಕಡೆ ಒಬ್ಬರು ತಳ್ಳಿ ಅತ್ತರು. ನನ್ನನ್ನು ಯಾರ ಪಾಲಿಗೂ ಹಾಕಲಿಲ್ಲ. ನಾನು ಅಪ್ಪನ ಮಗಳಲ್ಲವೇ, ಕೇಳುವುದೇನಿದೆ? ದೊಡ್ಡವ್ವ ಮಾತ್ರ ನನ್ನ ಜಡೆಯನ್ನು ಹಿಡಿದುಕೊಂಡೇ ಕೂತಿದ್ದಳು, ಬಿಟ್ಟರೆ ಈಗಲೇ ಹೋಗಿಬಿಡುತ್ತೇನೆ ಅನ್ನುವಂತೆ. ಹಿರಿಯರು ಅಪ್ಪನನ್ನು ಕೇಳಿದಾಗ ಅವನು ಹೇಳಿದ:

"ಕ್ಯಾಮೆರಾ ಅವರದ್ದು. ಕತ್ತಲೆಕೋಣೆ ಸಾಮಾನೂ ಅವರದ್ದೇ. ನಂಗೆ ಕೊಡೆ ಕೊಡ್ರಿ, ಸಾಕು."

"ಲೇ ಹಾಲೇಶ, ತಮಾಷೆ ಮಾಡ್ತೀಯೇನೋ? ಕೊಡೆ ತಗಂಡು ಏನು ಮಾಡ್ತಿ?"

"ಹಿಡಿಯಾಕೆ ಬರಲ್ಲ ಅಂದಾರಲ್ಲ. ಕಲ್ತ್ಕಂತೀನಿ."

ದೊಡ್ಡಪ್ಪ ಎದ್ದು ಒಳಗೆ ಹೋದ. ಹೊರಡುವ ದಿನ ಅಪ್ಪ ಆ ತಗಡಿನ ಕೊಳವೆಯನ್ನು ಕ್ಯಾಮೆರಾದ ಪೆಟ್ಟಿಗೆಯೊಳಗೆ, ಅರಿವೆಯಲ್ಲಿ ಸುತ್ತಿ ಇಟ್ಟ. ಬಸ್ಸಿನಲ್ಲಿ ಕೂತು ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡಿದ್ದ. ದಾವಣಗೆರೆ ಬರುವ ತನಕ ಅವ್ವ ಅತ್ತಳು, ಅವಳ ಜೊತೆ ನಾನೂ ಅತ್ತೆ, ಅಪ್ಪ ಹೊರಗೆ ನೋಡುತ್ತ ಕೂತ.

ಜಗಳೂರಿನಲ್ಲಿ ನಮ್ಮದು ಅಂಗಡಿಯ ಹಿಂದಿನ ಎರಡು ಕೋಣೆಯ ಮನೆ. ದೇವರ ಪಟ, ಮದುವೆ ಫೋಟೊ, ಸತ್ತವರ ಫೋಟೊ, ಎಲ್ಲಕ್ಕೂ ಅಪ್ಪ ಗಾಜು ಕೊಯ್ದು ಕಟ್ಟು ಹಾಕುತ್ತಿದ್ದ. ಅಲ್ಲಿ ಬಿಸಿಲು ಹೆಚ್ಚು, ಮಳೆ ಅಪರೂಪ. ಬಂದ ಮಳೆಗೂ ಆ ಕೊಡೆಯನ್ನು ಬಿಚ್ಚಲಿಲ್ಲ. ನಾನು ಅಲ್ಲೂ ಗೋಣಿ ಕೊಪ್ಪೆಯಲ್ಲೇ ಸ್ಕೂಲಿಗೆ ಹೋದೆ. ಜಡೆ ನಾನೇ ಹಾಕಿಕೊಳ್ಳುವುದನ್ನು ಕಲಿತೆ, ಸೊಟ್ಟಗೆ. ಅವ್ವ ಹಾಕುತ್ತೇನೆಂದರೆ ಬೇಡವೆನ್ನುತ್ತಿದ್ದೆ. ಹಟಮಾರಿ ಎಂದು ಬೈಸಿಕೊಂಡೆ. ಹಟವಲ್ಲ ಅದು. ದೊಡ್ಡವ್ವ ಬಂದು ಹಾಕಲಿ ಎಂದು ಇತ್ತು, ಬಾಯಿ ಬಿಟ್ಟು ಹೇಳಲಿಲ್ಲ.

ಎರಡು ಮೂರು ವರ್ಷವಾದ ಮೇಲೆ ಒಂದು ಬೇಸಿಗೆಯಲ್ಲಿ ಹೊಸ ಸೊಸೆಯೊಬ್ಬಳು ಅತ್ತೆಯ ಜೊತೆ ಅಂಗಡಿಗೆ ಬಂದಳು. ತವರು ಹೊನ್ನಾಳಿ ಕಡೆ. ಮದುವೆ ಫೋಟೊಕ್ಕೆ ಕಟ್ಟು ಹಾಕಿಸಬೇಕಿತ್ತು. ಕಾಗದ ಬಿಚ್ಚಿದ ಅಪ್ಪ ಹಾಗೇ ನಿಂತ. ಪೂರ್ವಕ್ಕೆ ಕೂತ ಹೆಣ್ಣುಗಂಡು, ಬೆನ್ನಿಗೆ ಬಿಸಿಲು, ಮುಖ ತಿಳಿಯಾಗಿ ಬಂದಿದೆ. ಆದರೆ ನಾಲ್ಕೂ ಮೂಲೆ ದುಂಡಗೆ ಕಪ್ಪು. ತೂತಿನಲ್ಲಿ ಇಣುಕಿ ನೋಡಿದ ಹಾಗೆ.

"ಇದ್ಯಾಕೆ ತಾಯಿ ಮೂಲೆ ಹಿಂಗೆ?"

"ಅದು ಹೊಸ ಫ್ಯಾಷನ್ನಂತೆ ರೀ. ನಮ್ಮ ಕಡೆ ಎಲ್ಲಾರೂ ಕೇಳಿ ಹಾಕಿಸ್ಕಂತಾರೆ. ನಮ್ಮಕ್ಕಂದೂ ಹಿಂಗೇ ಐತೆ."

ಅಪ್ಪನಿಗೆ ತಕ್ಷಣ ಅರ್ಥವಾಗಿತ್ತು. ಅವನು ಮಾಡಿಟ್ಟ ಕೊಳವೆ ಬೇಕಾದ್ದಕ್ಕಿಂತ ಒಂದು ಬೆರಳು ಉದ್ದವಾಗಿತ್ತು. ಪಕ್ಕದ ಬಿಸಿಲನ್ನು ತಡೆದದ್ದಲ್ಲದೆ ಫೋಟೊದ ಮೂಲೆಗಳನ್ನೂ ನುಂಗಿತ್ತು. ಮಾಡುವಾಗ ಅವನಿಗೆ ತಿಳಿಯುವ ಹಾಗಿರಲಿಲ್ಲ. ಮೇಲಿನ ಕಣ್ಣಲ್ಲಿ ಎಷ್ಟು ನೋಡಿದರೂ ಕೆಳಗಿನ ಕಣ್ಣಿನ ಕೊಳವೆ ಕಾಣುವುದಿಲ್ಲ, ಫಿಲ್ಮು ತೊಳೆದು ನೋಡಲು ಅವನು ಅಲ್ಲಿರಲಿಲ್ಲ. ಆದರೆ ದೊಡ್ಡಪ್ಪನಿಗೆ ಮೊದಲ ರೋಲಿನಲ್ಲೇ ಕಂಡಿರಬೇಕು. ಕತ್ತರಿಸಲು ಎಷ್ಟು ಹೊತ್ತಿನ ಕೆಲಸ? ಅಪ್ಪ ಅವತ್ತು ಊಟ ಮಾಡಲಿಲ್ಲ.

"ನನ್ನ ಮರ್ಯಾದೆ ತೆಗಿಯಾಕೆ ಅಂತ್ಲೇ ಹಂಗೇ ಬಿಟ್ಟಾನೆ. ನೋಡ್ರಿ, ನನ್ನ ತಮ್ಮ ಮಾಡಿದ ಘನಂದಾರಿ ಕೆಲಸ ಅಂತ ಊರೂರಿಗೆ ಹಂಚ್ತಾ ಅದಾನೆ."

"ಹಂಗ್ಯಾಕಂತೀರಿ? ಕೇಳಿ ನೋಡ್ರಿ ಒಂದ್ಸಲ" ಎಂದಳು ಅವ್ವ.

"ಕೇಳಾಕಲ್ಲ, ಕತ್ತರಿಸಾಕೆ ಹೋಗ್ತೀನಿ."

ಮಾರನೆಯ ದಿನವೇ ತಗಡು ಕೊಯ್ಯುವ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಅವ್ವ ನಾವೂ ಬರುತ್ತೇವೆಂದು ಹಟ ಹಿಡಿದಳು. ಕತ್ತರಿ ಹಿಡಿದು ಹೋಗುವ ಗಂಡನನ್ನು ಒಬ್ಬನೇ ಬಿಡುವುದು ಹೇಗೆ? ಹೊನ್ನಾಳಿಯ ಮನೆಯ ಜಗಲಿಯಲ್ಲಿ ದೊಡ್ಡವ್ವ ಕಾಳು ಹಸನು ಮಾಡುತ್ತ ಕೂತಿದ್ದಳು. ಮೊರ ಅಲ್ಲೇ ಬಿಟ್ಟು ಬಂದು ನನ್ನ ಸೊಟ್ಟ ಜಡೆ ಹಿಡಿದು, "ಅಯ್ಯೋ ನನ್ನವ್ವಾ, ಇದೇನೇ ಹಗ್ಗದಂಗೆ ಮಾಡ್ಕಂಡೀಯಾ!" ಎಂದು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಬಾಯಿ ಬಿಟ್ಟು ಅತ್ತೆ. ಅಪ್ಪ ಚಪ್ಪಲಿ ಬಿಟ್ಟವನೇ ಸ್ಟುಡಿಯೊದ ಒಳಗೆ ಹೋದ. ದೊಡ್ಡಪ್ಪ ಕುರ್ಚಿಯಲ್ಲಿದ್ದ. ದೊಡ್ಡವ್ವ ನೀರು ತಂದರೆ ಅಪ್ಪ ಮುಟ್ಟಲಿಲ್ಲ.

"ಆ ತಗಡು ಕೊಡು. ಒಂದು ಬೆರಳು ಉದ್ದ ಆಗೈತೆ, ಕತ್ತರಿಸಿ ಕೊಟ್ಟು ಹೋಗ್ತೀನಿ. ಊರೆಲ್ಲ ತೋರಿಸಿದ್ದು ಸಾಕು."

"ತೋರಿಸಾಕೆ ಅಂತ ಯಾರು ಮಾಡಿದ್ರು?"

"ಮತ್ತೇನು? ಕೊಡೆ ಹಿಡಿಯಾಕೂ ಬರದೋನಿಗೆ ಇದೂ ಬರಲಿಲ್ಲ ಅಂತ ತಾನೇ?"

ದೊಡ್ಡಪ್ಪ ಎದ್ದು ಪೆಟ್ಟಿಗೆಯಿಂದ ಕ್ಯಾಮೆರಾ ತೆಗೆದ. ಕೆಳಗಿನ ಕಣ್ಣಿಗೆ ಆ ಕೊಳವೆ ತೊಡಿಸಿಯೇ ಇತ್ತು, ಮಸಿ ಅಲ್ಲಲ್ಲಿ ಹೊಸದಾಗಿ ಬಳಿದಿತ್ತು. ಅಪ್ಪ ಕತ್ತರಿ ಹಿಡಿದು ಕೈ ಚಾಚಿದ. ದೊಡ್ಡಪ್ಪ ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದ.

"ಮುಟ್ಟಬ್ಯಾಡ."

"ಅಣ್ಣಾ..."

"ಮುಟ್ಟಬ್ಯಾಡ ಅಂದ್ನಲ್ಲ. ಮೊದಲ್ನೇ ರೋಲು ತೊಳೆದಾಗ್ಲೇ ಗೊತ್ತಾತು ನಂಗೆ. ಕತ್ತರಿ ಹಿಡ್ಕಂಡು ಕೂತೆ. ಮನಸ್ಸು ಬರ್ಲಿಲ್ಲ ಕಣೋ. ಅಷ್ಟು ಜನರ ಮುಂದೆ ನಾನು ಹಂಗಂದ ಮೇಲೂ ನೀನು ಕುಂತು ಇದನ್ನ ಮಾಡಿಟ್ಟು ಹೋಗೀಯ. ನಿನ್ನ ಕೈ ಅಂತ ನನ್ನ ಹತ್ರ ಉಳಿದಿರೋದು ಇದೊಂದೇ. ಇದನ್ನೂ ಕತ್ತರಿಸು ಅಂತೀಯಾ? ಮೂಲೆ ಕಪ್ಪಾದ್ರೆ ಆಗ್ಲಿ ಬಿಡು. ಯಾರ ಮುಖಕ್ಕೂ ಮಜ್ಜಿಗೆ ಬಿದ್ದಿಲ್ಲ ಹಾಲ, ಒಂದೇ ಒಂದಕ್ಕೂ ಬಿದ್ದಿಲ್ಲ."

ಅಪ್ಪ ಕತ್ತರಿಯನ್ನು ಮೇಜಿನ ಮೇಲಿಟ್ಟು ನೆಲದ ಮೇಲೆ ಕೂತುಬಿಟ್ಟ. "ಅತ್ತಿಗೆ, ನೀರು ಕೊಡ್ರಿ" ಎಂದ. ದೊಡ್ಡವ್ವ ಒಂದೇ ಒಲೆ ಹಚ್ಚಿದಳು, ಅವ್ವ ರೊಟ್ಟಿ ಬಡಿದಳು, ಅಲಸಂದೆ ಕಾಳಿನ ಪಲ್ಯ, ಶೇಂಗಾ ಚಟ್ನಿ. ಅಣ್ಣತಮ್ಮಂದಿರು ಅಕ್ಕಪಕ್ಕ ಕೂತು ಉಂಡರು. ನಾವು ಜಗಳೂರು ಬಿಡಲಿಲ್ಲ, ಮನೆ ಮತ್ತೆ ಒಂದಾಗಲಿಲ್ಲ. ಆದರೆ ಅಲ್ಲಿಂದ ಮುಂದೆ ರಜೆ ಬಂತೆಂದರೆ ನಾನು ಹೊನ್ನಾಳಿಯಲ್ಲಿ, ದೊಡ್ಡವ್ವನ ಕೈಯಲ್ಲಿ.

ಉಂಡು ಕೈ ತೊಳೆದ ಮೇಲೆ ದೊಡ್ಡಪ್ಪ ನಮ್ಮನ್ನೆಲ್ಲ ಹಿತ್ತಲಿಗೆ ಕರೆದ. ನಮ್ಮ ಮನೆಯವರದ್ದೇ ಒಂದು ಫೋಟೊ ಇರಲಿಲ್ಲ. ಇರುವುದು ಹೇಗೆ? ಒಬ್ಬ ತೆಗೆಯಬೇಕು, ಒಬ್ಬ ಕೊಡೆ ಹಿಡಿಯಬೇಕು. ಅಪ್ಪ, ಅವ್ವ, ದೊಡ್ಡವ್ವ, ನಾನು ಪೂರ್ವಕ್ಕೆ ಮುಖ ಮಾಡಿ ಚಾಪೆಯ ಮೇಲೆ ಕೂತೆವು. ಹೊತ್ತು ನಮ್ಮ ಬೆನ್ನಿಗಿತ್ತು. ದೊಡ್ಡಪ್ಪ ತಲೆ ಬಗ್ಗಿಸಿ ನೋಡಿದ. ಮರೆತು ಅಂದನೋ ಬೇಕಂತಲೇ ಅಂದನೋ ನಾನು ಕೊನೆಯವರೆಗೂ ಕೇಳಲಿಲ್ಲ.

"ಹಾಲ."

"ಹ್ಞೂಂ."

ಆ ಫೋಟೊ ಈಗ ನನ್ನ ಮನೆಯ ಗೋಡೆಯ ಮೇಲಿದೆ. ಕಟ್ಟು ಅಪ್ಪನೇ ಹಾಕಿದ್ದು. ನಾಲ್ಕು ಮೂಲೆ ಕಪ್ಪು. ನನ್ನ ಜ‌ಡೆ ನೆಟ್ಟಗಿದೆ, ಅವ್ವ ದೊಡ್ಡವ್ವ ಒಬ್ಬರಿಗೊಬ್ಬರು ಒತ್ತಿ ಕೂತಿದ್ದಾರೆ. ಅಪ್ಪನ ಮುಖ ತಿಳಿಯಾಗಿದೆ, ಬಲಗೈ ಮಾತ್ರ ಅಲುಗಿ ಮಸುಕಾಗಿದೆ, ಕೂತಲ್ಲಿಂದಲೇ ಮೇಲೆದ್ದಿದೆ. ನೋಡಿದವರು, ನಿಮ್ಮಪ್ಪ ಯಾರಿಗೆ ಟಾಟಾ ಮಾಡ್ತಿದಾರೆ ಎಂದು ಕೇಳುತ್ತಾರೆ. ಟಾಟಾ ಅಲ್ಲ, ಅಣ್ಣನ ಕ್ಯಾಮೆರಾಕ್ಕೆ ಬಿಸಿಲು ಬೀಳ್ತಿತ್ತು ಎನ್ನುತ್ತೇನೆ.